ಕುದಿಸಿದರೂ ಹೋಗದ ವಿಷ: ಮೂಗಿನಲ್ಲೇ ಮನೆ ಮಾಡಿರುವ ಸ್ಟ್ಯಾಫ್ ಬ್ಯಾಕ್ಟೀರಿಯಾ ರೋಗ ತರುವುದು ಹೇಗೆ?

ಮುಂಬೈ: 2024ರ ಮೇ ತಿಂಗಳಲ್ಲಿ ಮಾನ್‌ಖುರ್ದ್ ಭಾಗದ ರಸ್ತೆ ಬದಿ ಅಂಗಡಿಯ ಶವರ್ಮಾ ತಿಂದು ಅಸ್ವಸ್ಥನಾಗಿದ್ದ 19 ವರ್ಷದ ಯುವಕನೊಬ್ಬ ಕೆಇಎಂ ಆಸ್ಪತ್ರೆಯಲ್ಲಿ ಮೃತಪಟ್ಟ. ಇಬ್ಬರು ವ್ಯಾಪಾರಿಗಳ ಬಂಧನವೂ ಆಯಿತು. ಇಂಥ ಸುದ್ದಿ ಬಂದಾಗಲೆಲ್ಲ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು, 'ಫುಡ್ ಪಾಯ್ಸನ್'. ಆದರೆ ಅದು ಒಂದೇ ಕಾಯಿಲೆಯಲ್ಲ. 2022ರಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ಸಾವನ್ನಪ್ಪಿದಾಗ ಪತ್ತೆಯಾಗಿದ್ದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಊಟವಾದ ಎರಡು-ಮೂರು ಗಂಟೆಯೊಳಗೇ ಹೊಟ್ಟೆ ತೊಳಸಿ, ಒಂದೇ ಸಮನೆ ವಾಂತಿ ಶುರುವಾದರೆ ವೈದ್ಯರ ಅನುಮಾನ ಬೇರೆ ಕಡೆ ತಿರುಗುತ್ತದೆ. ಒಂದು, ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್. ಇನ್ನೊಂದು, ಸ್ಟ್ಯಾಫಿಲೋಕಾಕಸ್ ಆರಿಯಸ್. ವೈದ್ಯರ ಬಾಯಲ್ಲಿ ಚಿಕ್ಕದಾಗಿ 'ಸ್ಟ್ಯಾಫ್'.

ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದ ಶತ್ರುವೇನಲ್ಲ. ಆರೋಗ್ಯವಂತರಲ್ಲೇ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಸದ್ದಿಲ್ಲದೆ ವಾಸಿಸುತ್ತದೆ. ಕಂಕುಳು, ತೊಡೆಸಂದುಗಳಲ್ಲೂ ಇರುತ್ತದೆ. ಸ್ಕಾಟ್ಲೆಂಡಿನ ಶಸ್ತ್ರಚಿಕಿತ್ಸಕ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಹೊತ್ತಿಗೆ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ಕಂಡ ಜೀವಿ ಇದು. ಗ್ರೀಕ್ ಭಾಷೆಯಲ್ಲಿ 'ಸ್ಟ್ಯಾಫಿಲೆ' ಎಂದರೆ ದ್ರಾಕ್ಷಿ ಗೊಂಚಲು. ಹಳದಿ ಬಣ್ಣದಿಂದಾಗಿ 'ಬಂಗಾರದ' ಎಂಬರ್ಥದ ಆರಿಯಸ್ ಹೆಸರೂ ಅಂಟಿಕೊಂಡಿತು. ಹೆಸರೇನೋ ಚೆನ್ನಾಗಿದೆ, ಕೆಲಸ ಮಾತ್ರ ಹಾಗಿಲ್ಲ.

ಅಡುಗೆಮನೆಯಲ್ಲಿ ನಡೆಯುವುದೇನು?

ಹೋಟೆಲ್ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ತರಕಾರಿ ಹೆಚ್ಚುವಾಗ ಕೆಲಸಗಾರನ ಬೆರಳು ಕೊಯ್ದು, ಎರಡು ದಿನದಲ್ಲಿ ಕೀವು ತುಂಬಿದೆ. ರಜೆ ಹಾಕಿದರೆ ಸಂಬಳ ಖೋತಾ. ಹಾಗಾಗಿ ಬಟ್ಟೆ ಸುತ್ತಿಕೊಂಡೇ ಆತ ಬೇಯಿಸಿದ ಕೋಳಿ ಬಿಡಿಸುತ್ತಾನೆ, ಇಲ್ಲವೇ ಪೇಡೆ ಕಟ್ಟುತ್ತಾನೆ. ಬೇಯಿಸಿದಾಗ ಬೇರೆ ಸೂಕ್ಷ್ಮಜೀವಿಗಳೆಲ್ಲ ಸತ್ತಿರುವುದರಿಂದ ಈಗ ಬಿದ್ದ ಸ್ಟ್ಯಾಫ್‌ಗೆ ಪೈಪೋಟಿಯೇ ಇಲ್ಲ. ಉಪ್ಪು, ಸಕ್ಕರೆ ಹೆಚ್ಚಿದ್ದರೆ ಅನೇಕ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಇದು ಬೆಳೆಯುತ್ತದೆ. ಮಳೆಗಾಲದ ಮುಂಬೈನ 30 ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಆ ಆಹಾರ ನಾಲ್ಕೈದು ಗಂಟೆ ಹೊರಗಿದ್ದರೆ ಸಾಕು.

ಇಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಸ್ಟ್ಯಾಫ್ ಬೆಳೆಯುತ್ತಾ ಎಂಟೆರೋಟಾಕ್ಸಿನ್ ಎಂಬ ವಿಷವನ್ನು ಆಹಾರದಲ್ಲೇ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಅದು ಉಳಿಯಬಲ್ಲದು. ವಾಸನೆ, ರುಚಿ ಬದಲಾಗದ ಕಾರಣ ತಿನ್ನುವವರಿಗೆ ಸುಳಿವೂ ಸಿಗುವುದಿಲ್ಲ. ಈ ವಿಷ ಕರುಳಿನ ನರಗಳ ಮೂಲಕ ಮೆದುಳಿನ ವಾಂತಿ ಕೇಂದ್ರವನ್ನು ಕೆರಳಿಸುತ್ತದೆ. ಅದಕ್ಕೇ ಅಷ್ಟು ಬೇಗ, ಅಷ್ಟು ಜೋರಾಗಿ ವಾಂತಿ. ಇಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಪ್ರಯೋಜನವಿಲ್ಲ, ಏಕೆಂದರೆ ಕಾಡುತ್ತಿರುವುದು ಜೀವಿಯಲ್ಲ, ಅದು ಮಾಡಿಟ್ಟ ವಿಷ. ಬೇಕಿರುವುದು ಓಆರ್‌ಎಸ್, ನೀರು, ವಿಶ್ರಾಂತಿ. ಸಾಮಾನ್ಯವಾಗಿ ಒಂದು ದಿನದೊಳಗೆ ಕಡಿಮೆಯಾಗುತ್ತದೆ. ಪುಟ್ಟ ಮಕ್ಕಳು, ವಯಸ್ಸಾದವರು ನಿತ್ರಾಣಗೊಂಡರೆ ಅಥವಾ ಮೂತ್ರ ನಿಂತರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಾಯ, ಕೀವು ಇರುವವರು ಆಹಾರ ಮುಟ್ಟಬಾರದು, ಆಹಾರ ತಯಾರಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದು ಎಫ್‌ಎಸ್‌ಎಸ್‌ಎಐನ 2011ರ ನಿಯಮಗಳು ಹೇಳುತ್ತವೆ. ಮುಂಬೈನಲ್ಲಿ ದೊಡ್ಡ ಹೋಟೆಲ್‌ನಿಂದ ಕೈಗಾಡಿವರೆಗೆ ಇದನ್ನು ಪಾಲಿಸುವುದು ಕಷ್ಟವೇ. ಬೆರಳಿಗೆ ಗಾಯವಾದ ದಿನ ಗಲ್ಲೆಗೋ, ಟೇಬಲ್ ಒರೆಸಲೋ ಕಳಿಸಿ ಸಂಬಳ ಕೊಟ್ಟರೆ ಕೆಲಸಗಾರ ಗಾಯ ಮುಚ್ಚಿಡುವುದಿಲ್ಲ. ನಿಯಮದ ಪುಸ್ತಕಕ್ಕಿಂತ ಇದೇ ಹೆಚ್ಚು ಕೆಲಸ ಮಾಡೀತು.

ಚರ್ಮ ಬಿರಿದರೆ ದಾರಿ ಸಿಕ್ಕಂತೆ

ಸ್ಟ್ಯಾಫ್‌ನ ಇನ್ನೊಂದು ಮುಖ ಚರ್ಮದ ಮೇಲೆ ಕಾಣುತ್ತದೆ. ಬೆವರು, ಒಣಗದ ಬಟ್ಟೆ, ಮೈಗೆ ಮೈ ತಾಗುವ ಲೋಕಲ್ ರೈಲು, ಒಂದೇ ಟವೆಲ್‌ನಲ್ಲಿ ನಾಲ್ವರು ಮುಖ ಒರೆಸುವ ಕಿರಿದಾದ ಖೋಲಿ ಇವೆಲ್ಲ ಅದಕ್ಕೆ ಅನುಕೂಲ. ಕೂದಲ ಬುಡದಲ್ಲಿ ಇಳಿದರೆ ಕುರು, ಮಕ್ಕಳ ಮೂಗು-ಬಾಯಿ ಸುತ್ತ ಜೇನು ಬಣ್ಣದ ಹಕ್ಕಳೆ ಕಟ್ಟಿದರೆ ಇಂಪೆಟೈಗೊ.

ಒಳಹೊಕ್ಕ ಮೇಲೆ ಅದು ದೇಹದ ಪಹರೆಯನ್ನೇ ದಾರಿ ತಪ್ಪಿಸುತ್ತದೆ. ಕೋಆಗ್ಯುಲೇಸ್ ಎಂಬ ಪ್ರೋಟೀನ್‌ನಿಂದ ಸುತ್ತಲೂ ರಕ್ತವನ್ನು ಹೆಪ್ಪುಗಟ್ಟಿಸಿ ಅದರೊಳಗೆ ಅಡಗುತ್ತದೆ. ಪ್ರೋಟೀನ್ 'ಎ' ಮೂಲಕ ಪ್ರತಿಕಾಯಗಳನ್ನು ತಲೆಕೆಳಗಾಗಿ ಹಿಡಿದುಕೊಳ್ಳುವುದರಿಂದ ಬಿಳಿ ರಕ್ತಕಣಗಳಿಗೆ ಗುರುತೇ ಸಿಗುವುದಿಲ್ಲ. ಹತ್ತಿರ ಬಂದ ಬಿಳಿ ಕಣಗಳನ್ನು ಒಡೆಯುವ ವಿಷವೂ ಅದರ ಬಳಿ ಇದೆ. ಸತ್ತ ಆ ಕಣಗಳ ರಾಶಿಯೇ ನಾವು ನೋಡುವ ಕೀವು.

ಮೂಗು ಮತ್ತು ಮೇಲ್ತುಟಿಯ ಬಳಿಯ ಕುರುವನ್ನು ಹಿಸುಕಬೇಡಿ ಎಂದು ಹಿರಿಯರು ಬೈಯುವುದರಲ್ಲಿ ಅರ್ಥವಿದೆ. ಅಲ್ಲಿನ ರಕ್ತನಾಳಗಳಿಗೆ ತಲೆಬುರುಡೆಯೊಳಗಿನ ನಾಳಗಳೊಂದಿಗೆ ಸಂಪರ್ಕವಿದ್ದು, ಸೋಂಕು ಒಳಕ್ಕೆ ಸಾಗುವ ಅಪಾಯ ಅಪರೂಪಕ್ಕಾದರೂ ಇದೆ. ರಕ್ತಕ್ಕೆ ಸೇರಿದರೆ ಹೃದಯದ ಕವಾಟ, ಮೂಳೆ, ಶ್ವಾಸಕೋಶ ಎಲ್ಲಿ ಬೇಕಾದರೂ ಕೂರುತ್ತದೆ. ಮಧುಮೇಹಿಗಳು, ಡಯಾಲಿಸಿಸ್‌ನಲ್ಲಿರುವವರಿಗೆ ಅಪಾಯ ಹೆಚ್ಚು. ಕುರುವಿನ ಜೊತೆ ಚಳಿಜ್ವರ, ಸುತ್ತಲೂ ಹರಡುವ ಕೆಂಪು, ಗೊಂದಲದ ಮಾತು ಕಂಡರೆ ಮುಲಾಮು ಹಚ್ಚುತ್ತಾ ಕೂರುವ ಸಮಯ ಅದಲ್ಲ.

ಔಷಧಕ್ಕೂ ಬಗ್ಗದ ತಳಿ

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಕೊಂಡಿದ್ದೇ ಸ್ಟ್ಯಾಫ್ ಬೆಳೆಸಿದ್ದ ತಟ್ಟೆಯ ಮೇಲೆ ಬೂಸ್ಟು ಬಂದಾಗ. ಮುಂಬೈನಿಂದ ಹೆಚ್ಚು ದೂರವಿಲ್ಲದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ 1955ರಲ್ಲಿ ಪೆನಿಸಿಲಿನ್ ತಯಾರಿ ಆರಂಭಿಸಿದಾಗ ಅದು ದೇಶಕ್ಕೆ ಹೆಮ್ಮೆಯ ಸಂಗತಿ. ಅಷ್ಟರಲ್ಲೇ ವಿದೇಶಿ ಆಸ್ಪತ್ರೆಗಳಲ್ಲಿ ಪೆನಿಸಿಲಿನ್ ಅರಗಿಸಿಕೊಂಡ ಸ್ಟ್ಯಾಫ್ ಹರಡಿಯಾಗಿತ್ತು. ಅದಕ್ಕೆಂದೇ ಬಂದ ಮೆಥಿಸಿಲಿನ್‌ಗೂ 1961ರಲ್ಲಿ ಬ್ರಿಟನ್‌ನಲ್ಲಿ ಜಗ್ಗದ ತಳಿ ಸಿಕ್ಕಿತು. ಅದೇ ಎಂಆರ್‌ಎಸ್‌ಎ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲದ ಆಸ್ಪತ್ರೆಗಳಲ್ಲಿ 2021ರಲ್ಲಿ ಪರೀಕ್ಷಿಸಿದ ಸ್ಟ್ಯಾಫ್ ಆರಿಯಸ್ ಮಾದರಿಗಳ ಪೈಕಿ ಶೇ.40ಕ್ಕೂ ಹೆಚ್ಚು ಎಂಆರ್‌ಎಸ್‌ಎ ಆಗಿದ್ದವು. ಇಂಥ ಸೋಂಕು ತೀವ್ರವಾದರೆ ವ್ಯಾಂಕೊಮೈಸಿನ್, ಲಿನೆಜೋಲಿಡ್‌ನಂಥ ಕೆಲವೇ ಔಷಧಗಳನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ಕುರು ಎದ್ದಾಗ ಮೆಡಿಕಲ್ ಶಾಪ್‌ನಿಂದ ಎರಡು ದಿನದ ಮಾತ್ರೆ ತಂದು, ನೋವು ಇಳಿದ ಕೂಡಲೇ ನಿಲ್ಲಿಸುವ ಅಭ್ಯಾಸ ಮುಂಬೈಗೂ ಬೆಂಗಳೂರಿಗೂ ಸಮಾನ. ವಾಸ್ತವದಲ್ಲಿ ಸಣ್ಣ ಕುರುವಿಗೆ ಬಿಸಿನೀರಿನ ಶಾಖವೇ ಸಾಕಾಗಬಹುದು. ದೊಡ್ಡದಾದರೆ ವೈದ್ಯರು ಸೀಳಿ ಕೀವು ತೆಗೆಯುತ್ತಾರೆ, ಮಾತ್ರೆ ಬೇಕೇ ಬೇಡವೇ ಎಂಬುದು ಆಮೇಲಿನ ಮಾತು. ಕೀವನ್ನು ಪರೀಕ್ಷೆಗೆ ಕಳಿಸಿದರೆ ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದು ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ತಿಳಿಯುತ್ತದೆ.