ನಡುಗಡ್ಡೆಗೆ ನಾಲ್ಕು ಕಿಲೋ

ಸೈಕಲ್ ಹತ್ತಿ ನಡುಗಡ್ಡೆಗೆ ಹೋಗುತ್ತೇನೆಂದು ಹೇಳುವ ಅರವತ್ತು ದಾಟಿದ ಮನುಷ್ಯನಿಗೆ ನಮ್ಮ ಉಮ್ಮಚಗಿಯಲ್ಲಿ ಮೊದಲು ದೊರೆಯುವುದು ನಗೆ, ಅನಂತರ ಒಂದು ಲೋಟ ಕಷಾಯ, ಕೊನೆಯಲ್ಲಿ ಉಪದೇಶ. ನಾನು ಮೂರನ್ನೂ ಸ್ವೀಕರಿಸಿದ್ದೇನೆ. ನಗೆಗೆ ಕಾರಣವಿಲ್ಲದಿಲ್ಲ. ನಮ್ಮ ಜಿಲ್ಲೆಯ ಕಡಲಿನಲ್ಲಿ ನೇತ್ರಾಣಿ, ಕೂರ್ಮಗಡ, ಅಂಜದೀವ ಮೊದಲಾದ ದ್ವೀಪಗಳುಂಟು. ಅವು ನೋಡಲು ಚೆಲುವಾದರೂ ಸೈಕಲ್ಲಿಗೆ ಒದಗುವಂಥವಲ್ಲ. ನಮ್ಮ ಮನಸ್ಸಿನಲ್ಲಿರುವುದು ಅವಲ್ಲ. ಗೋವೆಯಲ್ಲಿ ಮಾಂಡವಿ ನದಿಯ ನೀರಿನ ನಡುವೆ ಮಲಗಿರುವ ದಿವಾಡಿ, ಮತ್ತು ಅದರ ನೆರೆಯ ಚೋಡಣ.

ಅಷ್ಟು ದೂರದ ದಿವಾಡಿಯೇ ಏಕೆ ಎಂದು ಕೇಳುವವರಿಗೆ ನಾನು ಬನವಾಸಿಯನ್ನು ತೋರಿಸುತ್ತೇನೆ. ನಮ್ಮ ಶಿರಸಿ ಸೀಮೆಯ ಬನವಾಸಿಯಲ್ಲಿ ಆಳಿದ ಕದಂಬರ ಹೆಸರನ್ನು ಹೊತ್ತ ಇನ್ನೊಂದು ಶಾಖೆ ಮುಂದೆ ಗೋವೆಯಲ್ಲಿ ಆಳಿತಷ್ಟೆ. ಆ ಗೋವೆಯ ಕದಂಬರ ಕುಲದೇವರು ಸಪ್ತಕೋಟೀಶ್ವರ. ತಾವು ಆ ದೇವರಿಂದ ವರಪ್ರಸಾದವನ್ನು ಪಡೆದವರೆಂದು ಅವರು ತಮ್ಮ ಬಿರುದಿನಲ್ಲಿಯೇ ಹೇಳಿಕೊಂಡರು. ಅವನ ಗುಡಿ ಇದ್ದುದು ದಿವಾಡಿಯ ನಾರ್ವೆಯಲ್ಲಿ. ಬಹಮನಿಗಳ ಕಾಲದಲ್ಲಿ ಅದು ಕೆಟ್ಟಿತು. ವಿಜಯನಗರದ ಮಾಧವಮಂತ್ರಿ ಮತ್ತೆ ಕಟ್ಟಿಸಿದನು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಅದನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಡಿಚೋಲಿ ಕಡೆಯ ದಡದಲ್ಲಿ ಇಟ್ಟರು. ಆ ಹೊಸ ನೆಲೆಗೂ ನಾರ್ವೆಯೆಂದೇ ಹೆಸರಾಯಿತು. 1668ರಲ್ಲಿ ಶಿವಾಜಿ ಅಲ್ಲಿಯ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದನು. ಗುಡಿ, ಗೋಪುರ, ಭಂಡಾರಗಳೆಲ್ಲ ಹಿಂದೆ ಉಳಿದು ಲಿಂಗವೊಂದೇ ಹೊಳೆ ದಾಟಿತೆಂಬುದು ನನ್ನನ್ನು ಬಹಳ ದಿನ ಕಾಡಿದೆ. ಹಗುರವಾಗಿ ಹೊರಡುವುದು ಹೇಗೆಂಬುದು ನನಗೆ ಸುಲಭವಾಗಿ ತಿಳಿದ ವಿದ್ಯೆಯಲ್ಲ.

1986ರ ಡಿಸೆಂಬರಿನಲ್ಲಿ ನಾನೂ ನನ್ನ ಗೆಳೆಯನೂ ಇದೇ ದಾರಿಗೆ ಹೊರಟಿದ್ದೆವು. ಅವನು ನನಗೆ ದೂರದ ಸಂಬಂಧದಲ್ಲಿ ಭಾವನೂ ಆಗಬೇಕು. ಪ್ರವಾಸವೆಂದರೆ ಯಾರ ಹಂಗಿಗೂ ಬೀಳದೆ ಇರುವುದು ಎಂಬುದು ಆಗಿನ ನನ್ನ ಸಿದ್ಧಾಂತ. ಆದ್ದರಿಂದ ಸೀಮೆಎಣ್ಣೆಯ ಸ್ಟೌ, ಎಣ್ಣೆಯ ಡಬ್ಬಿ, ಹತ್ತು ಸೇರು ಅಕ್ಕಿ, ಅವಲಕ್ಕಿ, ಎರಡು ಕಂಬಳಿ, ತಾಡಪತ್ರಿ, ಪಾತ್ರೆಗಳು, ಓದಲೆಂದು ಎರಡು ದಪ್ಪ ಪುಸ್ತಕ. ಭಾವ ಅಂಗಳದಲ್ಲಿ ನಿಂತು, ‘ಇದು ಪ್ರವಾಸವೋ ಮಾರಾಯಾ, ಒಕ್ಕಲು ಬದಲಾಯಿಸುವುದೋ?’ ಎಂದನು. ನನ್ನ ಕ್ಯಾರಿಯರಿನಲ್ಲಿ ಸ್ಥಳ ಸಾಲದೆ ಸ್ಟೌವನ್ನೂ ಅಕ್ಕಿಯನ್ನೂ ಅವನ ಸೈಕಲ್ಲಿಗೆ ಕಟ್ಟಿದವನು ನಾನು.

ಯಲ್ಲಾಪುರ ದಾಟಿ ಅರಬೈಲು ಘಟ್ಟದ ಇಳಿಜಾರು ಬಂದಿತು. ಸಮುದ್ರಮಟ್ಟದಿಂದ ಸುಮಾರು ಐನೂರು ಮೀಟರು ಎತ್ತರದಲ್ಲಿರುವ ನಮ್ಮ ನೆಲ ಕರಾವಳಿಗೆ ಜಾರುವ ಜಾಗ ಅದು. ಹಳೆಯ ಸೈಕಲ್ಲಿನ ರಬ್ಬರು ಬ್ರೇಕು, ಮೇಲಿನಿಂದ ನೂಕುವ ಭಾರ: ಮೂರನೆಯ ತಿರುವಿನಲ್ಲಿ ಭಾವನ ಸೈಕಲ್ಲು ನಿಲ್ಲಲಿಲ್ಲ. ಅವನ ಎಡಮೊಳಕೈ ಮುರಿಯಿತು. ಲಾರಿಯವನೊಬ್ಬನು ಕೆಳಗೆ ಮುಟ್ಟಿಸಿದನು. ಆ ರಾತ್ರಿ ಕಳೆದುದು ದಾರಿಬದಿಯ ಒಂದು ಮನೆಯ ಜಗಲಿಯಲ್ಲಿ. ಹೆಸರು ಕೂಡ ಕೇಳದೆ ಆ ಮನೆಯ ಹೆಂಗಸು ಗಂಜಿ ಬಡಿಸಿದರು, ಕಂಬಳಿ ಹೊದಿಸಿದರು. ನಮ್ಮ ಅಕ್ಕಿ ಮೇಲೆ ರಸ್ತೆಯ ತುಂಬ ಚೆಲ್ಲಿತ್ತು.

ಭಾವನ ಕೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ತನ್ನ ತೋಟದ ಅಡಿಕೆಮರವನ್ನು ತಾನೇ ಹತ್ತಿ ಕೊನೆ ಕೊಯ್ಯುತ್ತಿದ್ದವನು ಮಾರನೆಯ ವರ್ಷದಿಂದ ಆಳಿಗೆ ಕಾಯಬೇಕಾಯಿತು. ಈ ವಿಷಯವನ್ನು ಅವನು ನನ್ನೆದುರಿಗೆ ಒಮ್ಮೆಯೂ ಎತ್ತಿಲ್ಲ. ಕಳೆದ ಚೌತಿಯ ಊಟವಾದ ಮೇಲೆ ಕವಳ ಹಾಕುತ್ತ ಅವನೇ ಹೇಳಿದನು: ‘ದಿವಾಡಿ ಉಳಿದೇ ಹೋಯಿತಲ್ಲ. ಹೋಗೋಣ. ಆದರೆ ನಿನ್ನ ಚೀಲವನ್ನು ನಾನು ತೂಗುತ್ತೇನೆ. ನಾಲ್ಕು ಕಿಲೋ. ಅದರ ಮೇಲೆ ಒಂದು ಅಡಿಕೆಯೂ ಇಲ್ಲ.’

ಹೀಗೆ ನಮ್ಮ ಯೋಜನೆ ಪ್ರಾರಂಭವಾಯಿತು. ಕಾಲವನ್ನು ಗೊತ್ತುಮಾಡುವುದೇ ಮೊದಲ ತೊಡಕು. ಆಗಸ್ಟ್ ತಿಂಗಳಲ್ಲಿ ದಿವಾಡಿಯಲ್ಲಿ ಬೊಂದೆರಾಂ ಎಂಬ ಬಾವುಟಗಳ ಹಬ್ಬವಾಗುತ್ತದೆ. ಆದರೆ ಆಗ ನಮ್ಮ ತೋಟಗಳಲ್ಲಿ ಕೊಳೆಗೆ ಔಷಧ ಹೊಡೆಯುವ ಗಡಿಬಿಡಿ, ಘಟ್ಟದಲ್ಲಿ ಮಣ್ಣು ಜರಿಯುವ ಭಯ. 2021ರ ಜುಲೈ ತಿಂಗಳಲ್ಲಿ ಅರಬೈಲಿನ ರಸ್ತೆ ಕುಸಿದುದನ್ನು ನಾವು ಮರೆತಿಲ್ಲ. ದೀಪಾವಳಿಯ ಅನಂತರ ಕೊನೆಕೊಯ್ಲು ತಲೆಯ ಮೇಲೆ ಬರುತ್ತದೆ. ನಡುವೆ ಉಳಿಯುವುದು ಆರು ದಿನ, ಆರರಲ್ಲಿಯೇ ಮುಗಿಯಬೇಕು.

ಮೊದಲ ದಿನ ಅಂಕೋಲೆಯವರೆಗೆ ಮಾತ್ರ. ಘಟ್ಟವನ್ನು ಬೆಳಗಿನಲ್ಲಿಯೇ ಇಳಿಯಬೇಕು. ಆ ಮೂರನೆಯ ತಿರುವಿನಲ್ಲಿ ಇಳಿದು ನಡೆಯುವುದೆಂದು ನಾನು ಸ್ವಂತ ಷರತ್ತು ಹಾಕಿಕೊಂಡಿದ್ದೇನೆ. ಎರಡನೆಯ ದಿನ ಕಾರವಾರ, ಕಾಳಿ ನದಿ. ನಾವು ಅಂದು ದಾಟಬೇಕೆಂದಿದ್ದ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ನೀರಿಗೆ ಬಿದ್ದಿತು. ಈಗ ಹೊಸತರ ಮೇಲೆ ಹೋಗಬೇಕು. ಮುಂದೆ ಮಾಜಾಳಿ. 1961ರ ಡಿಸೆಂಬರಿನವರೆಗೆ ಅದರಾಚೆ ಪೋರ್ತುಗೀಜರ ರಾಜ್ಯ. ಈಗ ಗಡಿಯಲ್ಲಿ ಮುಖ್ಯವಾಗಿ ಬದಲಾಗುವುದು ಅಂಗಡಿಯ ಫಲಕಗಳ ಭಾಷೆ. ಆ ರಾತ್ರಿ ಕಾಣಕೋಣದಲ್ಲಿ. ಮೂರನೆಯ ದಿನ ಕರ್ಮಲ ಘಟ್ಟ, ಮಡಗಾವಿ, ಬೋರಿಯ ಸೇತುವೆ, ಫೋಂಡೆ.

ಫೋಂಡೆಯನ್ನು ಆರಿಸಿದುದು ವಸತಿಗಾಗಿ. ಕವಳೆಯ ಶಾಂತಾದುರ್ಗೆ, ಪ್ರಿಯೋಳದ ಮಂಗೇಶ ಇವರೂ ಹದಿನಾರನೆಯ ಶತಮಾನದಲ್ಲಿ ತಮ್ಮ ಮೂಲ ಊರುಗಳನ್ನು ಬಿಟ್ಟು, ಪೋರ್ತುಗೀಜರ ಆಳ್ವಿಕೆ ಆಗಿನ್ನೂ ಮುಟ್ಟದ ಈ ನೆಲಕ್ಕೆ ಬಂದ ದೇವರು. ಭಕ್ತರೂ ದಿಕ್ಕುದಿಕ್ಕಿಗೆ ಚದುರಿದರು. ಎಷ್ಟೋ ಮನೆತನಗಳು ನಮ್ಮ ಕರಾವಳಿಗೆ ಬಂದು ನೆಲೆಸಿದವು. ದೂರದಿಂದ ಬರುವ ಕುಳಾವಿಗಳಿಗಾಗಿ ಈ ಗುಡಿಗಳ ಸುತ್ತ ಅಗ್ರಶಾಲೆಗಳು ಇವೆ. ಕೋಣೆಗಾಗಿ ಮುಂಚಿತವಾಗಿ ಫೋನು ಮಾಡಿ ವಿಚಾರಿಸಬೇಕು. ಸಿಕ್ಕದಿದ್ದರೆ ಪೇಟೆಯಲ್ಲಿ ವಸತಿಗೃಹಗಳಿವೆ. ಪ್ರತಿ ಸಂಜೆಗೂ ಎರಡು ಮಾಡುಗಳನ್ನು ಗುರುತುಹಾಕಿಕೊಂಡೇ ಹೊರಡಬೇಕೆಂಬುದು ಭಾವನ ನಿಯಮ. ಚಾಪೆ ಹೊರುವುದಕ್ಕಿಂತ ಚೀಟಿಯಲ್ಲಿ ಎರಡು ಹೆಸರು ಬರೆಯುವುದು ಹಗುರ ಎನ್ನುತ್ತಾನೆ.

ನಾಲ್ಕನೆಯ ಬೆಳಗ್ಗೆ ಬಾಣಸ್ತಾರಿಯ ಮೇಲಿಂದ ಹಳೆಯ ಗೋವೆಗೆ ಇಳಿದರೆ ದೋಣಿಕಟ್ಟೆ. ದಿವಾಡಿಗೆ ಸೇತುವೆಯಿಲ್ಲ, ವಾಹನ ಹೊರುವ ದೋಣಿಯೇ ಗತಿ. ಲಾರಿಗಳ ಹಾವಳಿ ಕಡಿಮೆಯಿರುವುದಕ್ಕೆ ಅದೇ ಕಾರಣವಿರಬೇಕು. ಗುಡ್ಡದ ಮೇಲೆ ಪಿಯೇದಾದೆಯ ಇಗರ್ಜಿ, ಕೆಳಗೆ ಮಟ್ಟಸವಾದ ದಾರಿ, ಎರಡು ಬದಿಗೂ ಖಜಾನ್ ಗದ್ದೆ. ಇದು ನಮ್ಮ ಅಘನಾಶಿನಿಯ ಗಜನಿಯೇ: ಕಟ್ಟೆ ಹಾಕಿ ಉಪ್ಪುನೀರನ್ನು ತಡೆಯುವುದು, ಬಾಗಿಲು ತೆರೆದು ಮುಚ್ಚಿ ಉಬ್ಬರವನ್ನು ಹಿಡಿತದಲ್ಲಿಡುವುದು, ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತುವುದು. ನಮ್ಮಲ್ಲಿ ಕಗ್ಗವಿರುವಂತೆ ಅಲ್ಲಿ ಕೊರ್ಗುಟ್ ಎಂಬ ಬತ್ತ. ಆ ಗದ್ದೆಗಳ ನಡುವೆ ಎರಡು ದಿನ ಅವಸರವಿಲ್ಲದೆ ತಿರುಗಿ, ಅತಿಥಿಗಳಿಗೆ ಕೋಣೆ ಕೊಡುವ ಮನೆಯಲ್ಲಿ ಮಲಗಿ, ಹಳೆಯ ಗುಡಿಯ ಕಾಲದ ಕೋಟಿತೀರ್ಥದ ಕೆರೆಯನ್ನು ನೋಡಿ, ನಾರ್ವೆಯ ದೋಣಿಯಲ್ಲಿ ಹೊಳೆ ದಾಟಿ ಸಪ್ತಕೋಟೀಶ್ವರನಿಗೆ ಕೈಮುಗಿಯಬೇಕು. ತಿರುಗಿ ಬಂದು ರಾಯಬಂದರದ ದೋಣಿಯಿಂದ ಚೋಡಣ. ಅದರ ತುದಿಯ ಕಾಂಡ್ಲಾಕಾಡಿನಲ್ಲಿ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮ. ಮರಳುವಾಗ ಬಸ್ಸು, ಕಂಡಕ್ಟರನು ಸೈಕಲ್ಲುಗಳನ್ನು ಒಪ್ಪಿದರೆ. ಘಟ್ಟ ಹತ್ತುವ ಹುಮ್ಮಸ್ಸು ನಮ್ಮ ಮೊಣಕಾಲುಗಳಿಗೆ ಇಲ್ಲ.

ನಿನ್ನೆ ಸಂಜೆ ಭಾವ ತನ್ನ ಅಂಗಳದಲ್ಲಿ ತಕ್ಕಡಿಯನ್ನು ತೂಗಹಾಕಿದನು. ಒಂದು ಪಂಚೆ, ಒಂದು ಅಂಗಿ, ಒಳಬಟ್ಟೆ, ಟವೆಲು, ಮಳೆಯಂಗಿ, ಒಂದು ಟ್ಯೂಬು, ತೇಪೆ, ಅಂಟು, ಪಂಪು, ಎರಡು ಸ್ಪ್ಯಾನರು, ಗುಳಿಗೆಗಳು, ಫೋನು ಮತ್ತು ಅದರ ತಂತಿ. ಕಾಲು ಕಿಲೋ ಹೆಚ್ಚಾಯಿತು. ಒಳಗೆ ಕೈಹಾಕಿ ನನ್ನ ಅಡಕತ್ತರಿಯನ್ನೂ ಒಂದು ಪುಸ್ತಕವನ್ನೂ ಹೊರತೆಗೆದು ಜಗಲಿಯ ಮೇಲಿಟ್ಟನು. ನಾನು ಸುಮ್ಮನಿದ್ದೆನು. ಇನ್ನಷ್ಟು ಹುಡುಕಿದಾಗ ಅವನ ಕೈಗೆ ಬಟ್ಟೆಯಲ್ಲಿ ಸುತ್ತಿದ ಪಟ್ಟಿಯೂ ಕೈಗೆ ಕಟ್ಟುವ ಜೋಳಿಗೆಯೂ ಸಿಕ್ಕಿದವು.

‘ಇದು ಯಾರಿಗೆ?’ ಎಂದನು.

ನಾನು ಉತ್ತರ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡಿದ್ದು, ಮಡಿಚಿ ನನ್ನ ಚೀಲಕ್ಕಲ್ಲ, ತನ್ನ ಚೀಲಕ್ಕೆ ಹಾಕಿದನು. ‘ನನ್ನದರಲ್ಲಿ ಇನ್ನೂ ನೂರು ಗ್ರಾಮಿಗೆ ಜಾಗವಿದೆ’ ಎಂದು ತಕ್ಕಡಿಯನ್ನು ಬಿಚ್ಚಿದನು.