ಪರೀಕ್ಷೆಯನ್ನೂ ಪರೀಕ್ಷಿಸಬೇಕು: ಪಿಎಚ್‌ಪಿಯಲ್ಲಿ ದತ್ತಾಂಶದ ಬಗೆಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ಮಲೆನಾಡಿನ ಈ ಮೂರು ತಾಲ್ಲೂಕುಗಳ ಒಂದು ದಿನದ ಮಳೆಯ ಸರಾಸರಿಯನ್ನು ಗಣಕದಿಂದ ಪಡೆಯಬೇಕಾಗಿದೆ ಎಂದುಕೊಳ್ಳೋಣ. ಪಿಎಚ್‌ಪಿ ಭಾಷೆಯಲ್ಲಿ ಇದಕ್ಕೊಂದು ಫಂಕ್ಷನ್ ಬರೆಯುತ್ತೇವೆ. ಅದು ಸರಿಯೇ ಎಂದು ನೋಡಲು ಪರೀಕ್ಷಾ ಕ್ರಮವಿಧಿಯನ್ನೂ ಬರೆಯುತ್ತೇವೆ. 42, 60, 48 ಮಿ.ಮೀ. ಕೊಟ್ಟರೆ 50 ಬರಬೇಕು, ಬಂದಿತು. ಇಷ್ಟಕ್ಕೇ ಫಂಕ್ಷನ್ ಸರಿ ಎನ್ನಬಹುದೇ?

ಗಣಕಕ್ಕೆ 42 ಎಂಬ ಸಂಖ್ಯೆ ಬೇರೆ, '42' ಎಂಬ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್, ಬೇರೆ. ಸಂಖ್ಯೆ ಕೇಳುವ ಫಂಕ್ಷನ್ನಿಗೆ '42' ಕೊಟ್ಟರೂ ಪಿಎಚ್‌ಪಿ ಸದ್ದಿಲ್ಲದೆ ಅದನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ತಪ್ಪು ಬಗೆಯ ಆರ್ಗ್ಯುಮೆಂಟ್ ಇದ್ದರೂ ಫಲಿತಾಂಶ 'ಉತ್ತೀರ್ಣ'!

ಇದರಿಂದ ಏನು ನಷ್ಟ? ಮಳೆಯ ಕಡತದಿಂದ ಓದಿದ್ದು ಸ್ಟ್ರಿಂಗ್ ಆಗಿಯೇ ಬರುತ್ತದೆ. ಶೃಂಗೇರಿಯಲ್ಲಿ ಆ ದಿನ ಮಳೆ ಅಳೆಯದಿದ್ದರೆ ಅಲ್ಲಿ ಖಾಲಿ ಸ್ಟ್ರಿಂಗ್ ಇರುತ್ತದೆ. ಅದನ್ನು ಬಲವಂತವಾಗಿ ಸಂಖ್ಯೆಯಾಗಿಸಿದರೆ ಸಿಗುವುದು 0. 'ಅಳೆಯಲಿಲ್ಲ' ಎಂಬುದು 'ಮಳೆ ಬರಲಿಲ್ಲ' ಎಂದಾಯಿತು. ಉಳಿದೆರಡು ಕಡೆ 42 ಮತ್ತು 60 ಇದ್ದರೆ ಸರಾಸರಿ 51. ಈ ಸುಳ್ಳು ಸೊನ್ನೆ ಸೇರಿದರೆ 34.

ಪರಿಹಾರವೇನು? 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ 'ಸ್ಟ್ರಿಕ್ಟ್ ಟೈಪ್ಸ್' ಎಂಬ ಘೋಷಣೆ ಇದೆ. ಕಡತದ ಮೊದಲ ಆದೇಶವಾಗಿ ಇದನ್ನು ಬರೆದರೆ, ತಪ್ಪು ಬಗೆಯ ಆರ್ಗ್ಯುಮೆಂಟ್ ಕೊಟ್ಟ ಕೂಡಲೆ 'ಟೈಪ್ ಎರರ್' ಬರುತ್ತದೆ. (ಪೂರ್ಣಾಂಕವನ್ನು ದಶಮಾಂಶ ಸಂಖ್ಯೆಯ ಜಾಗದಲ್ಲಿ ಕೊಡಲು ಮಾತ್ರ ಅಡ್ಡಿಯಿಲ್ಲ.) ಹಲವರು ಎಡವುವುದು ಇಲ್ಲಿಯೇ: ಈ ನಿಯಮ ಫಂಕ್ಷನ್ ಇರುವ ಕಡತಕ್ಕಲ್ಲ, ಅದನ್ನು ಕರೆಯುವ ಕಡತಕ್ಕೆ ಅನ್ವಯಿಸುತ್ತದೆ. ಆದ್ದರಿಂದ ಘೋಷಣೆ ಪರೀಕ್ಷೆಯ ಕಡತದಲ್ಲೂ ಇರಲೇಬೇಕು.

ಖಾಲಿ ಜಾಗವನ್ನು 0 ಮಾಡದೆ 'ನಲ್' ಎಂದೇ ಉಳಿಸಿಕೊಳ್ಳಬೇಕು. ಇದನ್ನು ಪರೀಕ್ಷಿಸುವಾಗ ಪಿಎಚ್‌ಪಿಯುನಿಟ್‌ನ 'ಅಸರ್ಟ್ ಈಕ್ವಲ್ಸ್' ಸಾಲದು. ಅದಕ್ಕೆ ನಲ್ ಮತ್ತು 0 ಎರಡೂ ಸಮ. ಬಗೆಯನ್ನೂ ತಾಳೆ ನೋಡುವ 'ಅಸರ್ಟ್ ಸೇಮ್' ಬಳಸಬೇಕು.

ಇಷ್ಟಾದರೂ ಒಂದು ದೋಷ ಉಳಿಯುತ್ತದೆ. ಮಿಲಿಮೀಟರ್, ಅಂಗುಲ ಎರಡೂ ಗಣಕಕ್ಕೆ ಬರಿಯ ಸಂಖ್ಯೆಗಳೇ. ಒಂದು ಅಂಗುಲ 25.4 ಮಿ.ಮೀ. ಎಂಬುದು ಅದಕ್ಕೆ ತಿಳಿಯದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು ಇಂಥದೇ ಏಕಮಾನಗಳ ಗೊಂದಲದಿಂದ. ಮಿಲಿಮೀಟರಿಗೆಂದೇ ಪ್ರತ್ಯೇಕ ಕ್ಲಾಸ್ ರಚಿಸಿದರೆ ಏಕಮಾನವೂ ಒಂದು 'ಬಗೆ'ಯಾಗುತ್ತದೆ. ಭೌತಶಾಸ್ತ್ರದ ಸಮೀಕರಣದಲ್ಲಿ ಎರಡೂ ಬದಿಯ ಆಯಾಮಗಳನ್ನು ತಾಳೆ ನೋಡುವ ಅಭ್ಯಾಸವೇ ಇಲ್ಲಿಯೂ ನಮ್ಮನ್ನು ಕಾಯುವುದು.