ಎಸೆಯುವ ಮೊದಲು ಬೀಳುವ ಪಾಠ

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 95 ಕೆ.ಜಿ. ಜೂಡೊ ಫೈನಲ್‌ನಲ್ಲಿ ಬ್ರಿಟನ್ನಿನ ರೇ ಸ್ಟೀವನ್ಸ್‌ರನ್ನು ಸೋಲಿಸಿ ಚಿನ್ನ ಗೆದ್ದಾಗ ಹಂಗೇರಿಯ ಆಂತಾಲ್ ಕೋವಾಚ್‌ಗೆ 20 ವರ್ಷ. ಮರುವರ್ಷ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ದಕ್ಕಿತು. 2001ರಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ವಿಶ್ವ ಕೂಟದ ಫೈನಲ್ ತಲುಪಿ, ಜಪಾನಿನ ಕೊಸೆಯ್ ಇನೌಯೆಗೆ ಮಣಿದು ಬೆಳ್ಳಿ ಪಡೆದರು.

ಎದುರಾಳಿಯನ್ನು ಎತ್ತಿ ನೆಲಕ್ಕೆ ಕೆಡಹುವ ಈ ಆಟದಲ್ಲಿ ಇಷ್ಟು ವರ್ಷ ಉಳಿಯಲು ಕಟ್ಟುಮಸ್ತಾದ ಮೈಯೊಂದೇ ಸಾಲದು. ಜೂಡೊ ಕಲಿಯುವವರಿಗೆ ಮೊದಲ ಪಾಠ ಎಸೆಯುವುದಲ್ಲ, ಬೀಳುವುದು. ಜಪಾನಿ ಭಾಷೆಯಲ್ಲಿ ಇದಕ್ಕೆ ‘ಉಕೆಮಿ’ ಎಂದು ಹೆಸರು.

ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಆಗ ತಲೆಯ ಹಿಂಭಾಗ ನೆಲಕ್ಕೆ ಬಡಿಯುವ ಸಂಭವ ಕಡಿಮೆ. ಬೆನ್ನು ಬಾಗಿಸಿ ಉರುಳುತ್ತ, ಚಾಚಿದ ತೋಳು ಮತ್ತು ಅಂಗೈಯಿಂದ ಚಾಪೆಯನ್ನು ಬಡಿದರೆ ಪೆಟ್ಟು ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಸಾಮಾನ್ಯವಾಗಿ ನಾವು ಮಾಡುವುದು ಇದಕ್ಕೆ ವಿರುದ್ಧ. ಜಾರಿದೊಡನೆ ಕೈ ಊರುತ್ತೇವೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯಬಹುದು.

ಮಕ್ಕಳನ್ನು ಜೂಡೊಗೆ ಸೇರಿಸುವ ತಂದೆತಾಯಂದಿರು ಎರಡು ಸಂಗತಿ ಗಮನಿಸಬೇಕು. ಅಲ್ಲಿ ಸರಿಯಾದ ಚಾಪೆ ಇದೆಯೇ? ಎಸೆತಕ್ಕಿಳಿಯುವ ಮೊದಲು ಬೀಳುವುದನ್ನು ಚೆನ್ನಾಗಿ ರೂಢಿ ಮಾಡಿಸುತ್ತಾರೆಯೇ? ಮನೆಯ ಗಟ್ಟಿ ನೆಲದ ಮೇಲೆ ಇದನ್ನು ಪ್ರಯತ್ನಿಸುವುದು ಬೇಡ.

ತಲೆಗೆ ಪೆಟ್ಟು ಬಿದ್ದರೆ ಅಂದಿನ ಆಟ ಅಲ್ಲಿಗೇ ನಿಲ್ಲಬೇಕು; ವೈದ್ಯರು ಒಪ್ಪಿದ ಮೇಲೆಯೇ ಮತ್ತೆ ಚಾಪೆಗಿಳಿಯಬೇಕು. ಎಚ್ಚರ ತಪ್ಪುವುದು, ಪದೇ ಪದೇ ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪದಕಕ್ಕಿಂತ ತಲೆ ದೊಡ್ಡದು.